ಹಳೇ ಜೂಮ್ ಲೆನ್ಸ್ ಯಾಕಿಷ್ಟು ಅಗ್ಗ? ಕೋಠಿಯ ಅಂಗಡಿಯಿಂದ ಒಂದು ಇತಿಹಾಸ

ಈ ವಾರದ ಮಾತು ಒಂದು ಪ್ರಶ್ನೆಯಿಂದ ಶುರು. ಹೋದ ತಿಂಗಳು ನಾನು ಕೋಠಿಯಲ್ಲಿ 4,500 ರೂಪಾಯಿ ಕೊಟ್ಟು ಒಂದು ಹಳೇ ಕ್ಯಾನನ್ ಜೂಮ್ ಲೆನ್ಸ್ ತಗೊಂಡೆ. 70-210 ಮಿ.ಮೀ., ಎಫ್/4, ಆಟೋಫೋಕಸ್ ಇಲ್ಲ. ಇವತ್ತಿನ ಒಳ್ಳೇ 70-200 ಲೆನ್ಸಿಗೆ ಲಕ್ಷದ ಮಾತು. ಹಳೇದು ಅಂದಮೇಲೆ ಅಗ್ಗ ಇರಲೇಬೇಕು ಅಂತೀರಾ? ಗಾಜು ಹಾಲಲ್ಲ, ಡೇಟ್ ಮುಗಿದ ಕೂಡಲೇ ಕೆಡೋದಿಲ್ಲ. ಹಾಗಾದ್ರೆ ಇದರ ಬೆಲೆ ಬಿದ್ದದ್ದು ಯಾಕೆ?

ಉತ್ತರ ಹುಡುಕುತ್ತಾ ಹೋದರೆ ಅದು ಫೋಟೋಗ್ರಫಿಯ ಕಥೆಯಾಗಿ ಉಳಿಯೋದಿಲ್ಲ. ನಿಜಾಮರ ಕಾಲ, ನಮ್ಮ ಲೈಸೆನ್ಸ್ ರಾಜ್, ಗಲ್ಫ್‌ಗೆ ಹೋದ ಹೈದರಾಬಾದಿಗಳು, ಬೀದರ್‌ನ ನಮ್ಮ ಕಾಕಾ, ಎಲ್ಲಾ ಒಳಗೆ ಬರ್ತಾರೆ. ಒಂದೊಂದಾಗಿ ನೋಡೋಣ.

ಸತ್ತ ಹುಲಿಯ ಫೋಟೋ

ನಾವು ಐಟಿಯವರು ಹೈದರಾಬಾದ್ ಅಂದ್ರೆ ಗಚ್ಚಿಬೌಲಿ, ಮಾಧಾಪುರ ಅಷ್ಟೇ ಅಂದುಕೊಳ್ತೀವಿ. ಆದರೆ ಭಾರತದ ಫೋಟೋಗ್ರಫಿ ಇತಿಹಾಸದಲ್ಲಿ ಸಿಕಂದರಾಬಾದ್ ದೊಡ್ಡ ಹೆಸರು. ರಾಜಾ ದೀನ್ ದಯಾಳ್ ಸ್ಟುಡಿಯೋ ಇದ್ದದ್ದು ಅಲ್ಲೇ. 1844ರಲ್ಲಿ ಹುಟ್ಟಿದ ಇವರು ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಹವ್ಯಾಸವಾಗಿ ಹಿಡಿದ ಕ್ಯಾಮೆರಾನೇ ಉದ್ಯೋಗ ಆಯ್ತು. ಆಮೇಲೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನದ ಛಾಯಾಗ್ರಾಹಕರಾದರು.

ಅವರ ಹೆಸರಿನಲ್ಲಿರುವ ಒಂದು ಪ್ರಸಿದ್ಧ ಫೋಟೋ 1902ರದ್ದು. ವೈಸರಾಯ್ ಕರ್ಜನ್ ಮತ್ತು ಅವರ ಪತ್ನಿ ನಿಂತಿದ್ದಾರೆ, ಮುಂದೆ ಹುಲಿ ಬಿದ್ದಿದೆ. ನಿಜಾಮರ ರಾಜ್ಯದ ವಾರಂಗಲ್ ಕಡೆಯ ಶಿಕಾರಿ ಅದು. ಆ ಕಾಲದ ಹುಲಿ ಫೋಟೋಗಳನ್ನು ನೋಡ್ತಾ ಹೋಗಿ, ಬಹುತೇಕ ಎಲ್ಲಾ ಹುಲಿಗಳೂ ಸತ್ತವೇ. ಶಿಕಾರಿಯ ಜಂಬ ಒಂದು ಕಾರಣ, ಸರಿ. ಆದರೆ ಇನ್ನೊಂದು ಕಾರಣ ಉಪಕರಣದ್ದು. ಭಾರದ ಕ್ಯಾಮೆರಾ, ಗಾಜಿನ ಪ್ಲೇಟು, ಮುಕ್ಕಾಲಿ. ಅದನ್ನೆಲ್ಲಾ ಹೊತ್ತು ಹತ್ತಿರ ಹೋಗುವಷ್ಟರಲ್ಲಿ ಜೀವ ಇರುವ ಪ್ರಾಣಿ ಅಲ್ಲಿ ಇರ್ತಿರಲಿಲ್ಲ. ಫೋಟೋಗೆ ನಿಲ್ಲಬೇಕಾದರೆ ಅದು ಸಾಯಲೇಬೇಕಿತ್ತು.

ದೂರದ್ದನ್ನು ಹತ್ತಿರ ತರುವ ಟೆಲಿಫೋಟೋ ಲೆನ್ಸ್ ಆಗಲೇ ಹುಟ್ಟಿತ್ತು. 1891ರಲ್ಲಿ ಇಂಗ್ಲೆಂಡಿನ ಡಾಲ್‌ಮೇಯರ್, ಜರ್ಮನಿಯ ಮೀಥೆ ಮತ್ತು ಸ್ಟೈನ್‌ಹೈಲ್, ಮೂವರೂ ಬೇರೆ ಬೇರೆಯಾಗಿ ಅದನ್ನು ಮಾಡಿದ್ದರು. ಆದರೆ ಅದರೊಳಗೆ ಬರುವ ಬೆಳಕು ಕಡಿಮೆ, ಆಗಿನ ಪ್ಲೇಟುಗಳ ವೇಗವೂ ಕಡಿಮೆ. ಬೆಟ್ಟ, ಕೋಟೆ ತೆಗೆಯೋಕೆ ಸರಿ, ಓಡುವ ಜಿಂಕೆಗೆ ಅಲ್ಲ. 1920ರ ದಶಕದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಕಾಡಿನ ದಾರಿಗೆ ಅಡ್ಡ ತಂತಿ ಕಟ್ಟಿ, ಹುಲಿಯೇ ಅದನ್ನು ತುಳಿದು ತನ್ನ ಫೋಟೋ ತಾನೇ ತೆಗೆದುಕೊಳ್ಳುವ ಹಾಗೆ ಮಾಡಿದರು. ಮದ್ರಾಸಿನ ಎಂ. ಕೃಷ್ಣನ್ ತಾವೇ ಜೋಡಿಸಿಕೊಂಡ ಕ್ಯಾಮೆರಾಗೆ ‘ಸೂಪರ್ ಪಾಂಡೆರೋಸಾ’ ಅಂತ ಹೆಸರಿಟ್ಟು ಕಾಡು ಸುತ್ತಿದರು. ನಮ್ಮ ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ತೇಜಸ್ವಿ, ಇವರೆಲ್ಲರ ಚಿತ್ರಗಳ ಹಿಂದೆ ಇರುವುದು ಒಂದೇ ಜಗಳ, ದೂರದ ಜೊತೆಗಿನ ಜಗಳ.

ಜೂಮ್ ಅಂದ್ರೆ ಲೆಕ್ಕದ ಕೆಲಸ

ಟೆಲಿ ಬಂದರೂ ಜೂಮ್ ಬರೋಕೆ ತುಂಬಾ ವರ್ಷ ಹಿಡೀತು. ಒಂದೇ ಫೋಕಲ್ ಲೆಂತ್ ಇರುವ ಲೆನ್ಸ್ ವಿನ್ಯಾಸ ಮಾಡಬೇಕಾದರೇ ಪ್ರತಿ ಗಾಜಿನ ಮೂಲಕ ಬೆಳಕಿನ ಕಿರಣ ಎಲ್ಲಿ ಬಾಗುತ್ತೆ ಅಂತ ಲೆಕ್ಕ ಹಾಕಬೇಕು. ಲಾಗರಿದಂ ಟೇಬಲ್ ಇಟ್ಟುಕೊಂಡು ಕೈಯಲ್ಲಿ ಮಾಡುವ ಕೆಲಸ ಅದು. ಜೂಮ್‌ನಲ್ಲಿ ಗಾಜುಗಳು ಒಳಗೇ ಜರುಗುತ್ತವೆ. ಆದ್ದರಿಂದ 80ರಲ್ಲಿ ಒಂದು ಲೆಕ್ಕ, 135ರಲ್ಲಿ ಇನ್ನೊಂದು, 200ರಲ್ಲಿ ಮತ್ತೊಂದು. ಎಲ್ಲಾ ಕಡೆ ಚಿತ್ರ ಚೂಪಾಗಿ ಬರಬೇಕು.

ವಿಯೆನ್ನಾ ಮೂಲದ ಫ್ರಾಂಕ್ ಬ್ಯಾಕ್ ಎಂಬವರು ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲಿ ‘ಜೂಮಾರ್’ ಅನ್ನುವ ಲೆನ್ಸನ್ನು ಟಿವಿ ಕ್ಯಾಮೆರಾಗಳಿಗೆ ತಂದರು. 1959ರಲ್ಲಿ ಅವರದ್ದೇ ವಿನ್ಯಾಸದ 36-82 ಮಿ.ಮೀ. ಜೂಮ್ ಫೋಟೋ ಕ್ಯಾಮೆರಾಗೆ ಬಂತು, ಫೋಕ್ಟ್‌ಲೆಂಡರ್ ಹೆಸರಿನಲ್ಲಿ. ಅದೇ ವರ್ಷ ನಿಕಾನ್ ಕಂಪನಿ ಎಫ್ ಮೌಂಟ್ ಕ್ಯಾಮೆರಾ ಬಿಟ್ಟಿತು. ಜೊತೆಗೆ 85-250 ಮಿ.ಮೀ. ಟೆಲಿ ಜೂಮ್ ಕೂಡ. ಅದು ಆನೆ ಗಾತ್ರದ ಲೆನ್ಸು, ಬೆಲೆಯೂ ಹಾಗೇ. 1970ರ ಹೊತ್ತಿಗೆ ಬಂದ 80-200 ಎಫ್/4.5 ಮಾತ್ರ ಕುತ್ತಿಗೆಗೆ ಹಾಕಿಕೊಂಡು ಓಡಾಡುವಂತಿತ್ತು.

ಈ ಹತ್ತು ವರ್ಷದಲ್ಲಿ ಏನಾಯ್ತು? ಎರಡು ಸಂಗತಿ. ಒಂದು, ಕಿರಣದ ಲೆಕ್ಕಕ್ಕೆ ಕಂಪ್ಯೂಟರ್ ಬಂತು. ಎರಡು, ಗಾಜಿನ ಮೇಲಿನ ಲೇಪನ, ಅಂದ್ರೆ ಕೋಟಿಂಗ್, ಸುಧಾರಿಸಿತು. ಒಂದು ಸಣ್ಣ ಲೆಕ್ಕ ಹಾಕೋಣ. ಹತ್ತು ಗುಂಪು ಗಾಜುಗಳಿರುವ ಜೂಮ್ ಅಂದ್ರೆ ಗಾಳಿಗೆ ತಾಗುವ 20 ಮೇಲ್ಮೈ. ಕೋಟಿಂಗ್ ಇಲ್ಲದ ಮೇಲ್ಮೈ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತೆ. 0.96ರ ಘಾತ 20 ಅಂದ್ರೆ 0.44. ಅರ್ಧಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಹೋಯ್ತು. ಹೋಗಿದ್ದು ಸುಮ್ಮನೆ ಹೋಗಲಿಲ್ಲ, ಒಳಗೇ ಅಡ್ಡಾಡಿ ಚಿತ್ರವನ್ನು ಮಂಕು ಮಾಡಿತು. ಒಂದು ಮೇಲ್ಮೈಯ ನಷ್ಟವನ್ನು 0.5%ಗೆ ಇಳಿಸಿದರೆ 90% ಬೆಳಕು ದಾಟುತ್ತೆ. 1970ರ ದಶಕದ ಮಲ್ಟಿಕೋಟಿಂಗ್ ಮಾಡಿದ್ದು ಇದನ್ನೇ. ಹಳೇ ಲೆನ್ಸ್ ತಗೊಳ್ಳುವಾಗ ಎದುರಿನ ಗಾಜನ್ನು ಓರೆ ಮಾಡಿ ಹಸಿರು, ನೇರಳೆ ಬಣ್ಣದ ಪ್ರತಿಫಲನ ನೋಡಿ ಅನ್ನೋದು ಇದಕ್ಕೇ.

ಆ ದಶಕದ ಇನ್ನೊಂದು ಕಥೆ ನಮ್ಮವರಿಗೆ ನಗು ತರಿಸುತ್ತೆ. ವಿವಿಟಾರ್ ಅನ್ನೋದು ಅಮೆರಿಕದ ಬ್ರಾಂಡ್. ಸ್ವಂತ ಲೆನ್ಸ್ ಕಾರ್ಖಾನೆ ಇಲ್ಲ. ತಯಾರಿಕೆ ಪೂರಾ ಜಪಾನಿನ ಕಂಪನಿಗಳಿಗೆ. ಹೆಸರಾಂತ ಸೀರೀಸ್ 1, 70-210 ಲೆನ್ಸನ್ನು ಮೊದಲು ಕಿನೋ, ಆಮೇಲೆ ಟೋಕಿನಾ, ಆಮೇಲೆ ಕೊಮಿನೆ ಮಾಡಿದವು. ಹೊರಗೆ ಹೆಸರು ಒಂದೇ. ಯಾರು ಮಾಡಿದ್ದು ಅಂತ ಗೊತ್ತಾಗಬೇಕಾದರೆ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ನೋಡಬೇಕು. 22 ಅಂದ್ರೆ ಕಿನೋ, 37 ಟೋಕಿನಾ, 28 ಕೊಮಿನೆ. ಕ್ಲೈಂಟ್ ಹೆಸರು ಹೊರಗೆ, ಕೆಲಸ ಮಾಡಿದವರ ಗುರುತು ಸೀರಿಯಲ್ ನಂಬರಿನೊಳಗೆ. ನಮಗೆ ಈ ಮಾಡೆಲ್ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಸೂಟ್‌ಕೇಸಿನಲ್ಲಿ ಬಂದ ಗಾಜು

ಈಗ ಇವು ನಮ್ಮ ದೇಶಕ್ಕೆ ಬಂದ ದಾರಿ ನೋಡೋಣ. 1991ರ ಮೊದಲು ಇಂಥ ವಸ್ತುಗಳನ್ನು ಅಂಗಡಿಯವನು ತರಿಸಿ ಮಾರೋದು ಸುಲಭ ಇರಲಿಲ್ಲ. ಆಮದಿಗೆ ಲೈಸೆನ್ಸ್ ಬೇಕು, ಸುಂಕ ವಿಪರೀತ. ಗ್ರಾಹಕ ವಸ್ತುಗಳ ಮೇಲಿನ ಆಮದು ಮಿತಿಗಳು ಪೂರ್ತಿ ಹೋಗಿದ್ದು 2001ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಒಳ್ಳೇ ಲೆನ್ಸ್ ಬರ್ತಾ ಇದ್ದದ್ದು ಯಾರದ್ದಾದರೂ ಸೂಟ್‌ಕೇಸಿನಲ್ಲಿ.

1973ರ ತೈಲ ಬೆಲೆ ಏರಿಕೆಯ ನಂತರ ಗಲ್ಫ್ ದೇಶಗಳಲ್ಲಿ ಕೆಲಸ ಹೆಚ್ಚಾದವು. ಕೇರಳದ ಹಾಗೇ ಹೈದರಾಬಾದಿನಿಂದಲೂ ಸಾವಿರಾರು ಜನ ಹೋದರು. ರಜೆಗೆ ಬರುವಾಗ ಟೇಪ್ ರೆಕಾರ್ಡರ್, ವಾಚು, ಕ್ಯಾಮೆರಾ ತರೋರು. ಮಗಳ ಮದುವೆಗೋ ಮನೆ ಕಟ್ಟೋಕೋ ದುಡ್ಡು ಬೇಕಾದಾಗ ಅದನ್ನು ಮಾರೋರು. ಹೀಗೆ ಕೈ ಬದಲಾಯಿಸಿದ ಒಂದು ಲೆನ್ಸ್ ನಮ್ಮ ಕಾಕಾಗೆ ಸಿಕ್ಕಿತು.

ಕಾಕಾದು ಬೀದರ್‌ನಲ್ಲಿ ಫೋಟೋ ಸ್ಟುಡಿಯೋ. ಬೀದರ್, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆದ್ದರಿಂದ ನಮ್ಮ ಕಡೆಯವರಿಗೆ ದೊಡ್ಡ ಸಾಮಾನು ಬೇಕು ಅಂದ್ರೆ ಬೆಂಗಳೂರು ನೆನಪಾಗಲ್ಲ, ಹೈದರಾಬಾದೇ. 1988ರಲ್ಲಿ ಕಾಕಾ ಮೆಹದಿಪಟ್ಟಣದ ಗಲ್ಫ್‌ನವರೊಬ್ಬರ ಹತ್ರ ಕ್ಯಾನನ್ 70-210 ತಗೊಂಡರು. ಒಂದು ಮದುವೆ ಸೀಸನ್ನಿನ ಸಂಪಾದನೆ ಅದಕ್ಕೆ ಹೋಯ್ತು ಅಂತ ಕಾಕಿ ಇವತ್ತಿಗೂ ಅಂತಾರೆ. ಮದುವೆ ಮಂಟಪದಲ್ಲಿ ಅದರ ಕೆಲಸ ಏನೂ ಇರಲಿಲ್ಲ. ಕಾಕಾಗೆ ಬೇಕಾಗಿದ್ದು ಕೃಷ್ಣಮೃಗ. ಬೀದರ್ ಸುತ್ತಲಿನ ಹೊಲಗಳಲ್ಲಿ ಕೃಷ್ಣಮೃಗಗಳು ಇದಾವೆ, ಗೊತ್ತಿರಬಹುದು. ಸ್ಟುಡಿಯೋ ಬಾಗಿಲ ಮೇಲೆ ಅವರು ತೆಗೆದ ಒಂದು ಫೋಟೋ ತೂಗಿತ್ತು. ತೊಗರಿ ಹೊಲದ ಅಂಚಿನಲ್ಲಿ ಗಂಡು ಮೃಗ, ತಿರುಚಿದ ಕೊಂಬು, ಕತ್ತು ತಿರುಗಿಸಿ ನೋಡ್ತಾ ಇದೆ. ಜೀವಂತ. ನಾನು ಚಿಕ್ಕವನಿದ್ದಾಗ ಪಾಸ್‌ಪೋರ್ಟ್ ಫೋಟೋಗೆ ಬಂದವರೆಲ್ಲಾ ಅದರ ಕೆಳಗೆ ನಿಂತು ಒಂದು ಸಲ ಮೇಲೆ ನೋಡೋರು.

1987ರಲ್ಲಿ ಬಾಗಿಲು ಬದಲಾಯ್ತು

ಕಾಕಾಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಅವರು ತಗೊಳ್ಳುವ ಒಂದು ವರ್ಷ ಮೊದಲೇ ಕ್ಯಾನನ್ ಆ ಲೆನ್ಸಿನ ಕೈ ಬಿಟ್ಟಿತ್ತು.

1985ರಲ್ಲಿ ಮಿನೋಲ್ಟಾ 7000 ಅನ್ನುವ ಕ್ಯಾಮೆರಾ ಬಂತು, ಆಟೋಫೋಕಸ್ ಮೋಟರ್ ಒಳಗೇ. ಮಾರುಕಟ್ಟೆ ತಿರುಗಿಬಿಡ್ತು. ಪ್ರತಿ ಕಂಪನಿಗೂ ಎದುರಾದ ಪ್ರಶ್ನೆ ನಾವು ಆಫೀಸಿನಲ್ಲಿ ದಿನಾ ಎದುರಿಸೋದೇ. ಹಳೇ ಇಂಟರ್‌ಫೇಸ್ ಉಳಿಸಿಕೊಂಡು ಮೇಲೆ ತೇಪೆ ಹಾಕೋದಾ, ಎಲ್ಲಾ ಕಿತ್ತು ಹೊಸದಾಗಿ ಬರೆಯೋದಾ? ನಿಕಾನ್ 1959ರ ಎಫ್ ಮೌಂಟ್ ಉಳಿಸಿಕೊಂಡಿತು. ಕ್ಯಾನನ್ 1987ರಲ್ಲಿ ಹಳೇ ಎಫ್‌ಡಿ ಮೌಂಟ್ ಬಿಟ್ಟು, ಪೂರ್ತಿ ವಿದ್ಯುತ್ ಸಂಪರ್ಕದ ಇಎಫ್ ಮೌಂಟ್ ತಂತು. ತಾಂತ್ರಿಕವಾಗಿ ಕ್ಯಾನನ್ ಮಾಡಿದ್ದು ಜಾಣತನ ಅಂತ ಆಮೇಲಿನ ವರ್ಷಗಳು ತೋರಿಸಿದವು. ಆದರೆ ಅವತ್ತು ಎಫ್‌ಡಿ ಲೆನ್ಸ್ ಇಟ್ಟುಕೊಂಡವರೆಲ್ಲಾ ಅನಾಥರಾದರು.

ಯಾಕೆ ಅನಾಥರು, ಒಂದು ಅಡಾಪ್ಟರ್ ಹಾಕಿದರೆ ಆಗ್ತಿರಲಿಲ್ವಾ? ಇಲ್ಲ. ಲೆನ್ಸ್ ಕೂರುವ ಜಾಗದಿಂದ ಫಿಲಂ ತನಕದ ದೂರ ಎಫ್‌ಡಿಯಲ್ಲಿ 42 ಮಿ.ಮೀ., ಇಎಫ್‌ನಲ್ಲಿ 44. ಹೊಸ ಕ್ಯಾಮೆರಾಗೆ ಹಳೇ ಲೆನ್ಸ್ ಹಾಕಿದರೆ ಅದು ಇರಬೇಕಾದ್ದಕ್ಕಿಂತ 2 ಮಿ.ಮೀ. ದೂರ ಕೂರುತ್ತೆ, ಅಡಾಪ್ಟರ್ ದಪ್ಪ ಬೇರೆ. ದೂರದ ವಸ್ತು ಫೋಕಸ್ ಆಗೋದೇ ಇಲ್ಲ. ಟೆಲಿ ಲೆನ್ಸಿಗೆ ದೂರವೇ ಕಾಣದಿದ್ದರೆ ಇಟ್ಟುಕೊಂಡು ಏನು ಮಾಡೋದು? ಎರಡು ಮಿಲಿಮೀಟರ್. ಬೆಲೆ ಬಿದ್ದದ್ದು ಇಲ್ಲಿ. ಗಾಜಿನಲ್ಲಿ ಒಂದು ದೋಷವೂ ಇರಲಿಲ್ಲ.

ಕಾಕಾ ಹಳೇ ಬಾಡಿ ಕೆಡುವ ತನಕ ಬಳಸಿದರು. ಆಮೇಲೆ ಸ್ಟುಡಿಯೋಗೆ ಡಿಜಿಟಲ್ ಬಂತು. ಲೆನ್ಸನ್ನು ಮಾರೋಕೆ ನೋಡಿದರೆ ಕೇಳುವವರಿಲ್ಲ. ಚರ್ಮದ ಚೀಲಕ್ಕೆ ಹಾಕಿ ಅಲಮಾರಿನಲ್ಲಿ ಇಟ್ಟರು.

ಮತ್ತೆ ಜೀವ, ಆದರೆ ತಡವಾಗಿ

2008ರಲ್ಲಿ ಪ್ಯಾನಾಸಾನಿಕ್ ಜಿ1 ಬಂತು, ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ. ಆಮೇಲೆ ಸೋನಿ, ಫೂಜಿ, ಕೊನೆಗೆ 2018ರಲ್ಲಿ ಕ್ಯಾನನ್, ನಿಕಾನ್‌ಗಳ ಹೊಸ ಮೌಂಟ್‌ಗಳು. ಕನ್ನಡಿ ಹೋದ ಮೇಲೆ ಲೆನ್ಸ್ ಹತ್ತಿರ ಬಂತು. ಸೋನಿಯಲ್ಲಿ ಆ ದೂರ 18 ಮಿ.ಮೀ. ಎಫ್‌ಡಿಗೆ ಬೇಕಾದ್ದು 42. ನಡುವಿನ 24 ಮಿ.ಮೀ. ತುಂಬೋಕೆ ಒಂದು ಖಾಲಿ ಲೋಹದ ಕೊಳವೆ ಸಾಕು, ಒಳಗೆ ಗಾಜು ಬೇಡ. ಇಪ್ಪತ್ತು ವರ್ಷ ಸತ್ತಿದ್ದ ಲೆನ್ಸುಗಳು ಒಂದೇ ಸಲ ಎದ್ದು ಕೂತವು.

ನಾನು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ ತಗೊಂಡಾಗ ಮೊದಲು ನೆನಪಾಗಿದ್ದು ಕಾಕಾದ ಲೆನ್ಸ್. ಅಡಾಪ್ಟರ್ ತರಿಸಿಕೊಂಡು ಬೀದರ್‌ಗೆ ಹೋದೆ.

“ತಮ್ಮಾ, ಅದನ್ ತಗೊಂಡು ಏನ್ ಮಾಡ್ತೀ? ಅದರ ಬಾಡಿನೇ ಸಿಗಂಗಿಲ್ಲ” ಅಂದರು ಕಾಕಾ.

“ಈಗ ಆಗ್ತದ ಕಾಕಾ, ತೋರಸ್ತೀನಿ ತಗೀರಿ.”

ಚೀಲ ತೆಗೆದರು. ಕಾಕಾ ಲೆನ್ಸನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ನಿಮಿಷ ಮಾತಾಡಲಿಲ್ಲ. ಒಳಗೆ ಜೇಡರ ಬಲೆ ಥರ ಬೆಳ್ಳಗೆ ಹರಡಿತ್ತು. ಫಂಗಸ್, ನಮ್ಮ ಬೂಷ್ಟು. ರಿಪೇರಿಯವರು ನೋಡಿ, ಕೋಟಿಂಗೇ ತಿಂದುಬಿಟ್ಟಿದೆ, ತೊಳೆದರೂ ಕಲೆ ಉಳಿಯುತ್ತೆ ಅಂದರು. ಬೀದರ್ ಒಣ ಊರು, ಆದರೂ ಚರ್ಮದ ಚೀಲ ಮಳೆಗಾಲದ ತೇವ ಹಿಡಿದಿಟ್ಟುಕೊಳ್ಳುತ್ತೆ. ಗಾಳಿ, ಬೆಳಕು ಆಡದ ಕತ್ತಲು ಬೇರೆ.

ಕ್ಯಾನನ್ ಆ ಲೆನ್ಸಿನ ಬೆಲೆ ತೆಗೆದಿತ್ತು, ಅಷ್ಟೇ. ಕೊಂದದ್ದು ನಮ್ಮ ನಂಬಿಕೆ. ಇದು ಇನ್ನು ಕೆಲಸಕ್ಕೆ ಬರಲ್ಲ ಅಂತ ನಾವು ಒಪ್ಪಿಕೊಂಡ ದಿನದಿಂದ ಅದನ್ನು ಯಾರೂ ಹೊರಗೆ ತೆಗೆದು ನೋಡಲಿಲ್ಲ. ವರ್ಷಕ್ಕೊಮ್ಮೆ ಬಿಸಿಲು ತೋರಿಸಿದ್ದರೂ ಉಳೀತಿತ್ತೇನೋ.

ಕೋಠಿಯಲ್ಲಿ ವಿಡಿಯೋ ಕಾಲ್

ಆಮೇಲೆ ಒಂದು ಶನಿವಾರ ಮೆಟ್ರೋ ಹಿಡಿದೆ. ಅಮೀರ್‌ಪೇಟೆಯಲ್ಲಿ ಬದಲಾಯಿಸಿ, ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಕೋಠಿಯ ಗಲ್ಲಿಗಳಿಗೆ ನಡೆದೆ. ಒಂದು ಸಣ್ಣ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದೇ ಮಾಡೆಲ್ ಕೂತಿತ್ತು. “ಗಲ್ಫ್ ಕಾ ಮಾಲ್ ಹೈ ಭಾಯ್, ಏಕ್‌ದಮ್ ಸಾಫ್” ಅಂದರು ಅಂಗಡಿಯವರು. ನಾನು ಕಾಕಾಗೆ ವಿಡಿಯೋ ಕಾಲ್ ಹಾಕಿದೆ. ಅವರು ಅಲ್ಲಿಂದಲೇ ಪರೀಕ್ಷೆ ನಡೆಸಿದರು. ಅದನ್ನೇ ಕ್ರಮವಾಗಿ ಹೇಳ್ತೀನಿ, ನಿಮಗೂ ಬೇಕಾಗುತ್ತೆ.

ಮೊದಲು ಟಾರ್ಚ್. “ಹಿಂದ ಟಾರ್ಚ್ ಹಿಡಿ. ಸೀದಾ ನೋಡಬ್ಯಾಡ, ಸ್ವಲ್ಪ ವಾರೆ ಮಾಡಿ ನೋಡು. ಬಲಿ ಕಾಣಸ್ತದೇನು?” ಎರಡೂ ಕಡೆಯಿಂದ, ಜೂಮಿನ ಎರಡೂ ತುದಿಯಲ್ಲಿ ನೋಡಬೇಕು. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಮುಂದಕ್ಕೆ ಹಿಂದಕ್ಕೆ ಎಳೆಯುವ ಜೂಮ್ ಪಂಪಿನ ಹಾಗೆ ಧೂಳು ಎಳೆದುಕೊಳ್ಳೋದು ಸಹಜ. ಎಳೆ ಎಳೆಯಾಗಿ ಹರಡಿದ್ದರೆ ಫಂಗಸ್. ಮಂಜು ಕವಿದ ಹಾಗಿದ್ದರೆ ಒಳಗಿನ ಗ್ರೀಸು ಆವಿಯಾಗಿ ಕೂತಿರುತ್ತೆ.

ಎರಡನೇದು ಸ್ಕ್ರೂ. ತಲೆಗಳು ಕೆರೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಬಿಚ್ಚಿ ಜೋಡಿಸುವಾಗ ಗಾಜು ಒಂದಿಷ್ಟು ವಾರೆ ಆದರೂ ಚಿತ್ರದ ಒಂದು ಮೂಲೆ ಮಸುಕಾಗುತ್ತೆ.

ಮೂರನೇದು ಅಪರ್ಚರ್. ಎಲೆಗಳ ಮೇಲೆ ಎಣ್ಣೆ ಹೊಳೆಯಬಾರದು, ಟಕ್ಕನೆ ಮುಚ್ಚಿ ತೆರೆಯಬೇಕು. ಎಫ್‌ಡಿ ಲೆನ್ಸನ್ನು ಕೈಯಲ್ಲಿ ಹಿಡಿದು ಬರೀ ರಿಂಗ್ ತಿರುಗಿಸಿದರೆ ಏನೂ ಆಗಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ. ಅಡಾಪ್ಟರ್ ಹಾಕಿ, ಅದರ ಲಾಕ್ ರಿಂಗ್ ತಿರುಗಿಸಿದ ಮೇಲೆ ನೋಡಿ.

ನಾಲ್ಕನೇದು, ಲೆನ್ಸನ್ನು ನೆಲದ ಕಡೆ ಮುಖ ಮಾಡಿ ಹಿಡಿಯಿರಿ. ಜೂಮ್ ತಾನೇ ಜಾರಿದರೆ ಸವೆದಿದೆ. ಬಳಸಬಹುದು, ಆದರೆ ಬೆಲೆ ಇಳಿಸಿ ಕೇಳಿ.

ನಿಕಾನ್ ತಗೊಳ್ಳುವವರಿಗೆ ಒಂದು ಎಚ್ಚರಿಕೆ. 1977ರಲ್ಲಿ ಎಐ ಅನ್ನುವ ಬದಲಾವಣೆ ಬಂತು. ಅದಕ್ಕೂ ಹಿಂದಿನ ಲೆನ್ಸಿನ ಅಪರ್ಚರ್ ರಿಂಗ್ ಕೆತ್ತಿಸದೆ ಕೆಲವು ಡಿಎಸ್‌ಎಲ್‌ಆರ್‌ಗಳಿಗೆ ಹಾಕಿದರೆ ಕ್ಯಾಮೆರಾದ ಸಣ್ಣ ಸನ್ನೆ ಮುರಿಯುತ್ತೆ. ಮೌಂಟ್ ಉಳಿಸಿಕೊಂಡವರ ಮನೆಯಲ್ಲೂ ಎಲ್ಲವೂ ಎಲ್ಲಕ್ಕೂ ಹೊಂದಲ್ಲ.

ಕಾಕಾ ಕೊನೆಗೆ ಅಂದರು, “ಛಲೋ ಅದ. ತಗೋ.” ಅಂಗಡಿಯವರು 6,000ದಿಂದ 4,500ಕ್ಕೆ ಇಳಿದರು. ಫೋನಿನಲ್ಲಿದ್ದ ಉಸ್ತಾದ್ ಯಾರು ಅಂತಲೂ ಕೇಳಿದರು.

ಅಮೀನ್‌ಪುರದ ಬೆಳಗ್ಗೆ

ಮಿಯಾಪುರದ ಆಚೆ ಅಮೀನ್‌ಪುರ ಕೆರೆ ಇದೆ. 2016ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಅಪಾರ್ಟ್‌ಮೆಂಟುಗಳ ನಡುವೆಯೂ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ, ನಮ್ಮ ಹಾಗೇ. ಮುಂದಿನ ಭಾನುವಾರ ಅಲ್ಲಿಗೆ ಹೋದೆ. ಕ್ಯಾಮೆರಾದಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಆನ್ ಮಾಡಿ, ಸ್ಟೆಬಿಲೈಸರ್‌ಗೆ 210 ಅಂತ ಕೈಯಿಂದ ತುಂಬಿಸಿ, ಫೋಕಸ್ ಪೀಕಿಂಗ್ ಹಾಕಿದೆ.

ಉತ್ಪ್ರೇಕ್ಷೆ ಮಾಡಲ್ಲ. ಹಾರುವ ಹಕ್ಕಿ ನೂರು ತೆಗೆದರೆ ಎರಡು ಸಿಕ್ಕರೆ ಪುಣ್ಯ. ಎದುರು ಬಿಸಿಲಿಗೆ ಚಿತ್ರ ಮಂಕಾಗುತ್ತೆ, ಕೊಂಬೆ ಅಂಚಿನಲ್ಲಿ ನೇರಳೆ ಗೆರೆ ಬರುತ್ತೆ. ಮದುವೆ, ಮಕ್ಕಳ ಆಟ, ಸ್ಪೋರ್ಟ್ಸ್ ತೆಗೆಯೋರು ಹೊಸ ಲೆನ್ಸೇ ತಗೊಳ್ಳಿ. ಆದರೆ ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಗೆ ನಮ್ಮಷ್ಟು ಅವಸರ ಇಲ್ಲ. ನಿಧಾನಕ್ಕೆ ಫೋಕಸ್ ತಿರುಗಿಸಿದೆ. ಕುತ್ತಿಗೆಯ ನೀರ ಹನಿ ಕಂಡಿತು. ಆ ಚಿತ್ರ ಕಾಕಾಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: “210ರಾಗ ತಗದೀ? ಎಫ್/5.6 ಇಡು, ಇನ್ನೂ ಛಲೋ ಬರ್ತದ.” ಮೂವತ್ತು ವರ್ಷದ ಹಿಂದಿನ ಲೆನ್ಸಿನ ಸ್ವಭಾವ ಅವರ ಕೈಗೆ ಇನ್ನೂ ನೆನಪಿದೆ.

ನಿಮ್ಮ ಊರಿನ ಮನೆಯಲ್ಲಿ, ಮಾವನದ್ದೋ ದೊಡ್ಡಪ್ಪನದ್ದೋ ಅಲಮಾರಿನಲ್ಲಿ ಇಂಥ ಚೀಲ ಇರಬಹುದು. ಮುಂದಿನ ಸಲ ಹಬ್ಬಕ್ಕೆ ಹೋದಾಗ ತೆಗೆಸಿ ನೋಡಿ. ಚರ್ಮದ ಚೀಲದಿಂದ ಹೊರಗೆ ತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಲೆನಾಡು, ಕರಾವಳಿಯವರಂತೂ ತಡ ಮಾಡಬೇಡಿ. ಬಳಸಿದವರು ಜೊತೆಗಿದ್ದರೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.

ಡಿಸೆಂಬರ್‌ನಲ್ಲಿ ಕಾಕಾ ಬೀದರ್ ರೈಲಿಗೆ ಬರ್ತಾ ಇದ್ದಾರೆ. ಅಮೀನ್‌ಪುರಕ್ಕೆ ಹೋಗೋದು ಅಂತ ನಿಕ್ಕಿ ಆಗಿದೆ. ಕ್ಯಾಮೆರಾ ನಂದು, ಲೆನ್ಸ್ ಅವರ ಕೈಯಲ್ಲಿ. ಮುಂದಿನ ವಾರ ಇನ್ನೊಂದು ಮಾತಿನೊಂದಿಗೆ ಸಿಗೋಣ.